ಹೆದರಿಸಿದ ಮಚ್ಚೆ ಒಂದು, ತೆಗೆಸಿದ್ದು ಇನ್ನೊಂದು

ಎಡಗಾಲಿನ ಅಂಗಾಲಲ್ಲಿ ಆ ಕಪ್ಪು ಚುಕ್ಕೆ ಕಂಡಾಗ ನಾನು ಮೊದಲು ಮಾಡಿದ್ದು ಸೋಪು ಹಚ್ಚಿ ಗಸಗಸ ತಿಕ್ಕಿದ್ದು. ಹೋಗಲಿಲ್ಲ. ಕಲ್ಲಿನಲ್ಲೂ ಉಜ್ಜಿದೆ. ಚರ್ಮ ಕೆಂಪಾಯಿತು, ಚುಕ್ಕೆ ಮಾತ್ರ ಹಾಗೇ ಕೂತಿತ್ತು. ಅದು ಯಾವಾಗ ಬಂತೋ ನನಗೆ ಗೊತ್ತಿಲ್ಲ. ಮುಳ್ಳು ಚುಚ್ಚಿದಾಗ ಬಿಟ್ಟರೆ ನಮ್ಮ ಅಂಗಾಲನ್ನು ನಾವು ಯಾವಾಗ ನೋಡಿಕೊಳ್ಳುತ್ತೇವೆ ಹೇಳಿ?

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದೆ. ರಾತ್ರಿ ಎರಡು ಗಂಟೆವರೆಗೆ ಫೋನಿನಲ್ಲಿ ಓದುತ್ತಾ ಕೂತೆ. ಓದಿದ್ದರಲ್ಲಿ ಕೆಲಸಕ್ಕೆ ಬಂದಿದ್ದು, ಮಚ್ಚೆ ಕ್ಯಾನ್ಸರ್ ಇರಬಹುದಾ ಅಂತ ಅಂದಾಜು ಮಾಡೋ ಎಬಿಸಿಡಿಇ ಅನ್ನೋ ಲೆಕ್ಕ. 1985ರಲ್ಲಿ ನ್ಯೂಯಾರ್ಕ್‌ನ ವೈದ್ಯರು ಎಬಿಸಿಡಿ ಅಂತ ಶುರು ಮಾಡಿದ್ದು, 2004ರಲ್ಲಿ ಇ ಸೇರಿಕೊಂಡಿತು. ಮಚ್ಚೆಯನ್ನು ನಡುವೆ ಮಡಚಿದರೆ ಎರಡು ಅರ್ಧವೂ ಒಂದಕ್ಕೊಂದು ಹೊಂದುತ್ತವಾ, ಅಂಚು ಹರಿದ ಕಾಗದದ ಥರ ಇದೆಯಾ, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಕಾಣುತ್ತಾ, ಅಗಲ 6 ಮಿಲಿಮೀಟರ್ ದಾಟಿದೆಯಾ, ದಿನ ಕಳೆದ ಹಾಗೆ ಬದಲಾಗುತ್ತಿದೆಯಾ, ಇಷ್ಟೇ. ನನ್ನ ಕೇಳಿದರೆ ಕೊನೆಯ ಪ್ರಶ್ನೆಯೇ ದೊಡ್ಡದು. 6 ಮಿಲಿಮೀಟರ್ ಆಗಲಿ ಅಂತ ಕಾಯೋದು ದಡ್ಡತನ. ಸಣ್ಣದರಲ್ಲೂ ಮೆಲನೋಮಾ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶದ ಕ್ಯಾನ್ಸರ್, ಇರಬಹುದು.

ನನ್ನ ಬಣ್ಣ ಕಪ್ಪು, ಕಪ್ಪು ಚರ್ಮಕ್ಕೆ ಚರ್ಮದ ಕ್ಯಾನ್ಸರ್ ಬರೋದಿಲ್ಲ ಅಂತಲೇ ನಾನೂ ನಂಬಿದ್ದೆ. ಕಡಿಮೆ ಬರುತ್ತೆ, ನಿಜ. ಆದರೆ ಬಂದಾಗ ಜಾಸ್ತಿ ಕಾಣೋದು ಬಿಸಿಲೇ ಬೀಳದ ಜಾಗದಲ್ಲಿ. ಅಂಗಾಲು, ಅಂಗೈ, ಉಗುರಿನ ಅಡಿ. ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಸಿಕ್ಕಿದ್ದು ಕಾಲಿನ ಹೆಬ್ಬೆರಳಿನ ಉಗುರಿನ ಅಡಿಯಲ್ಲಿ. 1981ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 36. ಇದನ್ನು ಓದಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು.

ಮೊದಲು ಹೋದ ಕಡೆ ಏನಾಯಿತು ಅಂದರೆ, ಅವರು ಬರಿಗಣ್ಣಲ್ಲಿ ಒಂದು ಸಲ ನೋಡಿ, "ಇಷ್ಟೇನಾ, ಲೇಸರ್‌ನಲ್ಲಿ ಸುಟ್ಟುಬಿಡೋಣ, ಹತ್ತು ನಿಮಿಷದ ಕೆಲಸ" ಅಂದರು. ಹೆಸರು ಬೇಡ ಬಿಡಿ. ನಾನೂ ಹೂಂ ಅನ್ನೋದರಲ್ಲಿದ್ದೆ. ಆದರೆ ರಾತ್ರಿ ಓದಿದ ಒಂದು ಸಾಲು ತಲೆಯಲ್ಲಿ ಕೊರೀತಾ ಇತ್ತು. ಅನುಮಾನದ ಮಚ್ಚೆಯನ್ನು ಸುಡಬಾರದು, ಸುಟ್ಟರೆ ಲ್ಯಾಬಿಗೆ ಕಳಿಸೋಕೆ ಏನೂ ಉಳಿಯೋದಿಲ್ಲ. ಮೇಲಿನ ಕಪ್ಪು ಹೋಗುತ್ತೆ, ಕೆಳಗೆ ಏನಾದರೂ ಉಳಿದಿದ್ದರೆ ಅದು ಕಣ್ಣಿಗೆ ಕಾಣದೆ ಸುಮ್ನೆ ಬೆಳೀತಾ ಇರುತ್ತೆ. "ಲ್ಯಾಬಿಗೆ ಕಳಿಸ್ತೀರಾ?" ಅಂತ ಕೇಳಿದೆ. "ಅದೆಲ್ಲ ಯಾಕೆ" ಅಂದರು. ಎದ್ದು ಬಂದೆ.

ಎರಡನೇ ಸಲ ಫೋನಿನಲ್ಲಿ ಮೊದಲೇ ವಿಚಾರಿಸಿದೆ, ಡರ್ಮೋಸ್ಕೋಪ್ ಇದೆಯಾ ಅಂತ. ಬೆಳಕು ಬಿಡುವ ಸಣ್ಣ ಭೂತಗನ್ನಡಿ ಅದು, ಸುಮಾರು 10 ಪಟ್ಟು ದೊಡ್ಡದು ಮಾಡಿ ಮೇಲ್ಪದರದ ಕೆಳಗಿನ ಬಣ್ಣವನ್ನೂ ತೋರಿಸುತ್ತೆ. ಈ ಡಾಕ್ಟರ್ ಅದನ್ನು ನನ್ನ ಅಂಗಾಲಿಗೆ ಒತ್ತಿ ನೋಡಿ, ಪರದೆಯ ಮೇಲೆ ನನಗೂ ತೋರಿಸಿದರು. ಅಂಗಾಲಿನ ಚರ್ಮ ಉತ್ತ ಹೊಲದ ಹಾಗಿರುತ್ತೆ, ಒಂದು ತಗ್ಗು, ಒಂದು ದಿಣ್ಣೆ. ಬಣ್ಣ ತಗ್ಗಿನ ಸಾಲಿನಲ್ಲಿ ಕೂತಿದ್ದರೆ ಸಾಮಾನ್ಯವಾಗಿ ಸಾಧು ಮಚ್ಚೆ, ದಿಣ್ಣೆಯ ಮೇಲೆ ಪಟ್ಟಿಪಟ್ಟಿಯಾಗಿ ಕೂತಿದ್ದರೆ ಅನುಮಾನ. ನನ್ನದು ತಗ್ಗಿನಲ್ಲೇ ನೀಟಾಗಿ ಹರಿದಿತ್ತು.

ಉಸಿರು ಬಿಟ್ಟು ಚಪ್ಪಲಿ ಹಾಕಿಕೊಳ್ಳೋಕೆ ಹೊರಟೆ. "ಎಲ್ಲಿಗೆ? ಬಟ್ಟೆ ತೆಗೀರಿ, ಮೈ ಪೂರ್ತಿ ನೋಡಬೇಕು" ಅಂದರು.

ನಾಚಿಕೆ ಆಯಿತು, ಸುಳ್ಳು ಯಾಕೆ. ಕೂದಲು ಬಿಡಿಸಿ ನೆತ್ತಿ ನೋಡಿದರು, ಕಿವಿಯ ಹಿಂದೆ, ಬೆರಳ ಸಂದಿ, ಎಲ್ಲ ಉಗುರು. ಉಗುರಿನಲ್ಲಿ ಉದ್ದಕ್ಕೆ ಕಪ್ಪು ಗೆರೆ ಅಗಲ ಆಗುತ್ತಾ ಬುಡದ ಚರ್ಮಕ್ಕೂ ಹರಡಿದರೆ ತಡ ಮಾಡಬಾರದಂತೆ. ಏಟು ಬಿದ್ದು ಹೆಪ್ಪುಗಟ್ಟಿದ ರಕ್ತವಾದರೆ ಉಗುರು ಬೆಳೆದ ಹಾಗೆ ಮುಂದಕ್ಕೆ ಸರಿಯುತ್ತೆ. (ಉಗುರಿಗೆ ಬಣ್ಣ ಹಚ್ಚುವವರು ತೆಗೆದು ಹೋಗಿ, ಇಲ್ಲದಿದ್ದರೆ ಅವರು ನೋಡೋದೇನು?) ಕೊನೆಗೆ ಬೆನ್ನು. ಬಲ ಹೆಗಲಿನ ಕೆಳಗೆ ಬಂದು ಮಾತು ನಿಂತಿತು. ಡರ್ಮೋಸ್ಕೋಪ್ ಅಲ್ಲೇ ತುಂಬ ಹೊತ್ತು ಇತ್ತು.

ನನ್ನ ಬೆನ್ನಿನ ಮಚ್ಚೆಗಳೆಲ್ಲ ಒಂದೇ ಅಚ್ಚಿನವು, ದುಂಡಗೆ, ತಿಳಿ ಕಂದು. ಇದೊಂದು ಮಾತ್ರ ಬಳಗಕ್ಕೆ ಸೇರದ್ದು. 5 ಮಿಲಿಮೀಟರ್ ಕೂಡ ಇರಲಿಲ್ಲ, ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬೂದು. ನೋವಿಲ್ಲ, ತುರಿಕೆ ಇಲ್ಲ. ಎಷ್ಟು ದಿನದಿಂದ ಇದೆ ಅಂದರು. ನನ್ನ ಬೆನ್ನು ನಾನು ನೋಡಿದ್ದರೆ ತಾನೇ! ಮನೆಗೆ ಬಂದು ಹಳೆಯ ಫೋಟೋ ಹುಡುಕಿದೆ. ಎರಡು ವರ್ಷದ ಹಿಂದೆ ಈಜುವಾಗ ಯಾರೋ ತೆಗೆದಿದ್ದರಲ್ಲಿ ಬೆನ್ನು ಕಾಣುತ್ತಿತ್ತು. ಅಲ್ಲಿ ಆ ಮಚ್ಚೆ ಇರಲೇ ಇಲ್ಲ.

ಲ್ಯಾಬಿನಲ್ಲಿ ಪರೀಕ್ಷಿಸೋಕೆ ಚರ್ಮ ತೆಗೆಯೋ ಬಯಾಪ್ಸಿ ಅಂದರೆ ಸೂಜಿ ಚುಚ್ಚಿ ಚೂರು ತೆಗೀತಾರೆ ಅಂದುಕೊಂಡಿದ್ದೆ. ಮೆಲನೋಮಾ ಅನುಮಾನ ಇದ್ದರೆ ಸಾಧ್ಯವಾದಷ್ಟು ಇಡೀ ಮಚ್ಚೆಯನ್ನೇ, ಸುತ್ತ 2 ಮಿಲಿಮೀಟರ್ ಒಳ್ಳೆ ಚರ್ಮದ ಸಮೇತ, ತೆಗೀತಾರೆ. ಆಳ ಎಷ್ಟು ಅನ್ನೋದರ ಮೇಲೆ ಮುಂದಿನದೆಲ್ಲ ನಿಂತಿರುತ್ತೆ, ಮೇಲಿಂದ ಕೆರೆದರೆ ಆಳ ಸಿಗದೆ ಹೋಗಬಹುದು. ಮರಗಟ್ಟಿಸೋ ಇಂಜೆಕ್ಷನ್ ಚುರುಕ್ ಅಂತು, ಅಷ್ಟೇ ನೋವು. ಅರ್ಧ ಗಂಟೆಯಲ್ಲಿ ಹೊಲಿಗೆ ಹಾಕಿ ಮುಗಿಯಿತು. ಕಣ್ಣೆದುರೇ ಸಣ್ಣ ಡಬ್ಬಿಯಲ್ಲಿ, ಕೆಡದಂತೆ ಕಾಪಾಡೋ ಫಾರ್ಮಲಿನ್ ದ್ರಾವಣದೊಳಗೆ ಅದು ತೇಲುತ್ತಿತ್ತು. ಡಬ್ಬಿ ಮೇಲೆ ನನ್ನ ಹೆಸರು ಸರಿ ಇದೆಯಾ ಅಂತ ಓದಿ ನೋಡಿದೆ. ನೀವೂ ನೋಡಿ.

ಹತ್ತು ದಿನ ಕಾದೆ. ಆ ಹತ್ತು ದಿನದ ಬಗ್ಗೆ ಬರೆಯೋಕೆ ಇಷ್ಟ ಇಲ್ಲ.

ರಿಪೋರ್ಟಿನಲ್ಲಿ ಇದ್ದಿದ್ದು "ಮೆಲನೋಮಾ ಇನ್ ಸೈಟು". ಮೊದಲ ಪದ ಓದಿ ಕಾಲು ಕುಸಿಯಿತು, ಉಳಿದ ಎರಡು ಪದ ಡಾಕ್ಟರ್ ಬಿಡಿಸಿ ಹೇಳಿದರು. ಕ್ಯಾನ್ಸರ್ ಜೀವಕೋಶ ಚರ್ಮದ ಮೇಲ್ಪದರದಲ್ಲೇ ಇವೆ, ಕೆಳಗೆ ಇಳಿದಿಲ್ಲ. ಮೇಲ್ಪದರದಲ್ಲಿ ರಕ್ತನಾಳ ಇರೋದಿಲ್ಲ, ಹಾಗಾಗಿ ಬೇರೆ ಕಡೆ ಹರಡೋಕೆ ಅದಕ್ಕೆ ದಾರಿ ಇಲ್ಲ. ಮತ್ತೊಂದು ಸಲ ಹೋಗಿ, ಗಾಯದ ಸುತ್ತ 1 ಸೆಂಟಿಮೀಟರ್ ಚರ್ಮ ಜಾಸ್ತಿ ತೆಗೆಸಿಕೊಂಡೆ. ಅಂಚು ಕ್ಲಿಯರ್ ಅಂತ ಬಂತು, ಅಂದರೆ ತೆಗೆದ ಚರ್ಮದ ಅಂಚಿನಲ್ಲಿ ಕ್ಯಾನ್ಸರ್ ಜೀವಕೋಶ ಇರಲಿಲ್ಲ. ಕೀಮೋ ಇಲ್ಲ, ರೇಡಿಯೇಷನ್ ಇಲ್ಲ. ಬೆನ್ನ ಮೇಲೆ ಬೆರಳುದ್ದದ ಗಾಯದ ಗೆರೆ ಇದೆ.

ಈಗ ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ. ತಿಂಗಳಿಗೊಮ್ಮೆ ಮನೆಯಲ್ಲಿ ಹೆಂಡತಿ ಬೆನ್ನಿನ ಫೋಟೋ ತೆಗೀತಾಳೆ, ಅದೇ ಕಿಟಕಿಯ ಬೆಳಕು, ಅದೇ ದೂರ, ಮಚ್ಚೆ ಪಕ್ಕದಲ್ಲಿ ಒಂದು ಸ್ಕೇಲ್. ಸ್ಕೇಲ್ ಇಲ್ಲದ ಫೋಟೋದಲ್ಲಿ ಬೆಳೆದಿದೆಯಾ ಇಲ್ಲವಾ ಅಂತ ಜಗಳ ಆಗುತ್ತೆ, ನಮಗೆ ಆಗಿದೆ.

ಅಪ್ಪ ಅಮ್ಮ, ಒಡಹುಟ್ಟಿದವರು, ಮಕ್ಕಳು ಕೂಡ ಒಂದು ಸಲ ಮೈ ತೋರಿಸಿಕೊಂಡರೆ ಒಳ್ಳೇದು ಅಂದಿದ್ದರು ಡಾಕ್ಟರ್, ಹತ್ತಿರದ ರಕ್ತಸಂಬಂಧದಲ್ಲಿ ಅಪಾಯ ಸ್ವಲ್ಪ ಹೆಚ್ಚಂತೆ. ತಮ್ಮನಿಗೆ ಹೇಳಿದೆ. ಅವನು ಆವತ್ತು ರಾತ್ರಿಯೇ ಅಂಗಾಲಿನ ಫೋಟೋ ಕಳಿಸಿದ, ಕೆಳಗೆ ನಾಲ್ಕು ಪ್ರಶ್ನೆ ಚಿಹ್ನೆ. ನೋಡಿದೆ. ಮೊದಲು ಕಾಲು ತೊಳಿ ಮಾರಾಯ, ಆಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಇನ್ನೊಂದು ಕಳಿಸು ಅಂದೆ. ಡಾಕ್ಟರ ನಂಬರನ್ನೂ ಕಳಿಸಿದೆ.