ಐವತ್ತು ಪದಗಳ ಕಿರುಮಾಹಿತಿ: ನಾನು ಬರೆಯುವ ಬಗೆ, ತಾಳೆ ನೋಡುವ ಬಗೆ

ಪತ್ರಿಕೆಯ ಪುಟದ ಮೂಲೆಗೆ, ಶಾಲೆಯ ಭಿತ್ತಿಪತ್ರಿಕೆಗೆ, ರಸಪ್ರಶ್ನೆಯ ಚೀಟಿಗೆ ನಾಲ್ಕೈದು ಸಾಲಿನ ಮಾಹಿತಿ ಬರೆಯುವುದು ಸುಲಭದ ಕೆಲಸವೆಂದು ಕಾಣುತ್ತದೆ. ಹಾಗೇನಿಲ್ಲ. ಉದ್ದನೆಯ ಲೇಖನದಲ್ಲಿ 'ಈ ಬಗ್ಗೆ ಭಿನ್ನಾಭಿಪ್ರಾಯಗಳಿವೆ' ಎಂದು ಒಂದು ವಾಕ್ಯ ಸೇರಿಸಿ ಮುಂದೆ ಹೋಗಬಹುದು. ಐವತ್ತು ಪದಗಳಲ್ಲಿ ಅದಕ್ಕೆ ಜಾಗವಿಲ್ಲ. ಅಡಿಟಿಪ್ಪಣಿಯ ಆಸರೆ ಇಲ್ಲದೆ ನಿಲ್ಲಬಲ್ಲ ಸಂಗತಿಯನ್ನು ಹುಡುಕುವುದರಲ್ಲೇ ಹೆಚ್ಚು ಹೊತ್ತು ಹೋಗುತ್ತದೆ. ಬರೆಯಲು ಹತ್ತು ನಿಮಿಷ ಸಾಕು.

ಒಂದು ವಿಷಯಕ್ಕೆ ಒಂದು ಕಾರ್ಡು. ಮುಂಬದಿಯಲ್ಲಿ ಮಾಹಿತಿ: ಏನು, ಎಲ್ಲಿ, ಯಾವಾಗ, ಎಷ್ಟು, ಮತ್ತು ಓದುಗ ಇನ್ನೊಬ್ಬರಿಗೆ ಹೇಳಬೇಕೆನಿಸುವ ಒಂದು ಸಂಗತಿ. ಒಂದೇ. ಎರಡು ಹಾಕಿದರೆ ಒಂದನ್ನೊಂದು ತಿನ್ನುತ್ತವೆ. ಹಿಂಬದಿಯಲ್ಲಿ ಆಕರದ ಹೆಸರು, ಪುಟ, ಆಕರ ಅಚ್ಚಾದ ವರ್ಷ, ನಾನು ನೋಡಿದ ತಾರೀಖು. ಅಚ್ಚಾದ ವರ್ಷವನ್ನು ಬಿಡುವುದೇ ಹೆಚ್ಚಿನ ತಪ್ಪುಗಳಿಗೆ ಮೂಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಹೊರಬರಲು ಮೂರು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಅದರ ಹಳೆಯ ಸಂಪುಟಗಳಲ್ಲಿ ಉಡುಪಿಯನ್ನು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಹುಡುಕಬೇಕು. ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳ, ದಾವಣಗೆರೆ, ಚಾಮರಾಜನಗರ, ಉಡುಪಿ ಜಿಲ್ಲೆಗಳಾದದ್ದು 1997ರಲ್ಲಿ. ಹಂಪಿಯನ್ನು ಬಳ್ಳಾರಿ ಜಿಲ್ಲೆಗೆ ಸೇರಿಸಿ ಬರೆದ ಸಾಲುಗಳೂ 2021ರಿಂದ ಹಳತಾದವು. ಈಗ ಅದು ವಿಜಯನಗರ ಜಿಲ್ಲೆ. ಜಿಲ್ಲೆ, ತಾಲ್ಲೂಕಿನ ಹೆಸರು ಬರೆಯುವಾಗ ಆಕರವನ್ನು ನಕಲು ಮಾಡದೆ ಇವತ್ತಿನ ಪಟ್ಟಿ ನೋಡುತ್ತೇನೆ.

ಇನ್ನು 'ಅತಿ' ಮತ್ತು 'ಮೊದಲ'. ಈ ಎರಡು ಪದಗಳು ಕಂಡ ಕೂಡಲೇ ಪೆನ್ನು ಕೆಳಗಿಡುತ್ತೇನೆ. ಶಿವನಸಮುದ್ರದ ಜಲವಿದ್ಯುತ್ ಕೇಂದ್ರ 'ಏಷ್ಯಾದಲ್ಲೇ ಮೊದಲನೆಯದು' ಎಂಬ ವಾಕ್ಯ ಪಠ್ಯದಿಂದ ಫಲಕಕ್ಕೆ, ಫಲಕದಿಂದ ಮೊಬೈಲಿಗೆ ಓಡಾಡುತ್ತಲೇ ಇದೆ. ಶಿವನಸಮುದ್ರದಲ್ಲಿ ವಿದ್ಯುತ್ ಹರಿದದ್ದು 1902ರಲ್ಲಿ. ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ ಕೇಂದ್ರ 1897ರಲ್ಲೇ ಕೆಲಸ ಶುರುಮಾಡಿತ್ತು. ಜಪಾನಿನ ಕ್ಯೋಟೊದ ಕೆಯಾಗೆ ಕೇಂದ್ರ ಅದಕ್ಕೂ ಹಿಂದಿನದು, 1891. 1905ರ ಬೆಂಗಳೂರಿನ ಬೀದಿದೀಪವೂ 'ಏಷ್ಯಾದ ಮೊದಲ' ಪಟ್ಟಿಯಲ್ಲಿ ನಿಲ್ಲುವುದಿಲ್ಲ. ಟೋಕಿಯೊದ ಗಿಂಜಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು. ಹಾಗೆಂದು ಶಿವನಸಮುದ್ರದ ಕಾರ್ಡನ್ನು ಹರಿದುಹಾಕಬೇಕಿಲ್ಲ. 'ಇಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು 1902ರಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಸಾಗಿಸಲಾಯಿತು' ಎಂದರೆ ಹೆಗ್ಗಳಿಕೆಯ ಪದವೇ ಇಲ್ಲದೆ ಹೆಗ್ಗಳಿಕೆ ತಿಳಿಯುತ್ತದೆ. ಆ ಕಾಲಕ್ಕೆ ಅಷ್ಟು ದೂರ ವಿದ್ಯುತ್ ಒಯ್ಯುವುದು ಜಗತ್ತಿನಲ್ಲೇ ಅಪರೂಪದ ಸಾಹಸ.

ಗೋಲಗುಮ್ಮಟದ್ದು ಇದೇ ಬಗೆಯ ಇನ್ನೊಂದು ತೊಡಕು. 'ಜಗತ್ತಿನ ಎರಡನೇ ದೊಡ್ಡ ಗುಮ್ಮಟ' ಎಂಬುದು ಹೇಗೆ ಹುಟ್ಟಿತೆಂದು ಅಳತೆ ನೋಡಿದರೆ ಗೊತ್ತಾಗುತ್ತದೆ. ಅದರ ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38. ಒಂದರ ಹೊರ ಅಳತೆಯನ್ನು ಇನ್ನೊಂದರ ಒಳ ಅಳತೆಯ ಪಕ್ಕ ಇಟ್ಟರೆ ಯಾರನ್ನು ಬೇಕಾದರೂ ಎರಡನೇ ಸ್ಥಾನಕ್ಕೆ ತರಬಹುದು. ಒಳವ್ಯಾಸ ಹಿಡಿದರೆ ರೋಮಿನ ಪ್ಯಾಂಥಿಯನ್ 43 ಮೀಟರು ದಾಟುತ್ತದೆ, ಸಂತ ಪೀಟರ್ ಚರ್ಚಿನದು 41ಕ್ಕೂ ಹೆಚ್ಚು. ಎರಡೂ 1656ಕ್ಕಿಂತ ಹಿಂದಿನವು. ಅಂದರೆ ಕಟ್ಟಿ ಮುಗಿಸಿದ ದಿನವೂ ಗೋಲಗುಮ್ಮಟ ಎರಡನೆಯದಾಗಿರಲಿಲ್ಲ. ನನ್ನ ಕಾರ್ಡಿನಲ್ಲಿರುವುದು: ಮೊಹಮ್ಮದ್ ಆದಿಲ್ ಶಾಹನ ಸಮಾಧಿ, ವಿಜಯಪುರ, 1656, ಹೊರವ್ಯಾಸ 44 ಮೀ., ನಡುವೆ ಒಂದೂ ಕಂಬವಿಲ್ಲ. ಕೊನೆಯ ಎರಡು ಪದಗಳೇ ಸಾಕು.

ಜೋಗಕ್ಕೂ ಇದೇ ಮದ್ದು. 'ಭಾರತದ ಅತಿ ಎತ್ತರದ ಜಲಪಾತ' ಬೇಡ. ಮೇಘಾಲಯದ ನೊಹ್ಕಾಲಿಕಾಯ್ ಒಂದೇ ನೆಗೆತಕ್ಕೆ 340 ಮೀಟರ್ ಧುಮುಕುತ್ತದೆ. ನಮ್ಮದೇ ವಾರಾಹಿ ನದಿಯ ಕುಂಚಿಕಲ್ ಅಬ್ಬಿಗೆ 455 ಮೀಟರ್ ಎನ್ನುತ್ತಾರೆ, ಆದರೆ ಅದು ಹಲವು ಹಂತಗಳನ್ನು ಕೂಡಿಸಿದ ಲೆಕ್ಕ. ಎಲ್ಲಿಂದ ಎಲ್ಲಿಗೆ ಅಳೆದರೆಂಬುದು ಗೊತ್ತಿಲ್ಲದ ಜಲಪಾತದ ಎತ್ತರಕ್ಕೆ ಬೆಲೆಯಿಲ್ಲ. ಶರಾವತಿ, 253 ಮೀಟರ್, ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲು, 1964ರ ಲಿಂಗನಮಕ್ಕಿ ಅಣೆಕಟ್ಟಿನ ನಂತರ ಮಳೆಗಾಲದ ಹೊರಗೆ ತೆಳುವಾಗುವ ನೀರು. ಐವತ್ತು ಪದ ತುಂಬಿತು.

ವ್ಯಕ್ತಿಗಳ ವಿಷಯದಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಮೊದಲನೆಯದು ಹುಟ್ಟೂರು. ಕುವೆಂಪು ಹುಟ್ಟಿದ್ದು ತಾಯಿಯ ತವರು ಹಿರೇಕೊಡಿಗೆಯಲ್ಲಿ, ಕೊಪ್ಪ ತಾಲ್ಲೂಕು. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಹೆರಿಗೆಗೆ ತವರಿಗೆ ಹೋಗುವ ರೂಢಿಯಿರುವ ನಾಡಿನಲ್ಲಿ 'ಊರು' ಮತ್ತು 'ಹುಟ್ಟೂರು' ಬೇರೆಯಾಗುವುದು ಸಹಜ, ಆದ್ದರಿಂದ ಪ್ರತಿ ಸಾಹಿತಿಯ ಕಾರ್ಡಿನಲ್ಲೂ ಇದನ್ನು ಕೇಳಿಕೊಳ್ಳುತ್ತೇನೆ. ಎರಡನೆಯದು ಪ್ರಶಸ್ತಿಯ ವರ್ಷ. ಚಂದ್ರಶೇಖರ ಕಂಬಾರರ ಜ್ಞಾನಪೀಠ 2010ರ ಸಾಲಿನದು, ಪ್ರಕಟವಾದದ್ದು 2011ರಲ್ಲಿ. 'ಯಾವ ಸಾಲಿನ' ಎಂದೇ ಬರೆದರೆ ಜಗಳವಿಲ್ಲ. ಮೂರನೆಯದು ವಯಸ್ಸು. ವಿಶ್ವೇಶ್ವರಯ್ಯನವರ ಜನ್ಮವರ್ಷ 1860 ಎಂದೂ 1861 ಎಂದೂ ಆಕರಗಳಲ್ಲಿದೆ. ಅವರ ಜನ್ಮಶತಮಾನೋತ್ಸವದ ಅಂಚೆಚೀಟಿ ಬಂದದ್ದು 1960ರಲ್ಲಿ. ತೀರಿಕೊಂಡದ್ದು 1962ರ ಏಪ್ರಿಲ್‌ನಲ್ಲಿ. ಹೀಗಿರುವಾಗ ವಯಸ್ಸನ್ನು ಕಳೆದು ಬರೆಯುವ ಉಸಾಬರಿ ಬೇಡ. 'ನೂರು ವರ್ಷ ದಾಟಿ ಬದುಕಿದರು, 1912ರಿಂದ 1918ರವರೆಗೆ ಮೈಸೂರಿನ ದಿವಾನರು, 1955ರಲ್ಲಿ ಭಾರತರತ್ನ' ಎಂದರೆ ಎರಡು ಲೆಕ್ಕಕ್ಕೂ ಸರಿ.

ಇತಿಹಾಸದ ಕಾರ್ಡಿಗೆ ಶಕವರ್ಷದ ಲೆಕ್ಕ ಬಂದೇ ತೀರಬೇಕು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ. ಮಾಘ, ಫಾಲ್ಗುಣದ ಶಾಸನವಾದರೆ ಸಾಮಾನ್ಯವಾಗಿ 79. ಪುಷ್ಯದಲ್ಲಿ ಎರಡೂ ಆಗಬಹುದು. ಬಾದಾಮಿಯ ಒಂದನೇ ಪುಲಕೇಶಿಯ ಬಂಡೆಶಾಸನ ಶಕ 465, ಅಂದರೆ 543. ಐಹೊಳೆಯ ರವಿಕೀರ್ತಿಯದು ಶಕ 556, ಅಂದರೆ 634. ಪುಸ್ತಕಗಳಲ್ಲಿ 634-35 ಎಂದಿರುವುದು ಗೊಂದಲವಲ್ಲ, ಶಕವರ್ಷ ಎರಡು ಇಸವಿಗಳ ಮೇಲೆ ಚಾಚಿಕೊಳ್ಳುವುದರಿಂದ.

ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಲು ಒಳ್ಳೆಯ ಉಪಾಯವಿದೆ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದ ಶೇಷವೇ ಅರವತ್ತು ಸಂವತ್ಸರಗಳಲ್ಲಿ ಮೊದಲನೆಯದಾದ ಪ್ರಭವದಿಂದ ಎಣಿಸಿದ ಕ್ರಮಸಂಖ್ಯೆ, ಸೊನ್ನೆ ಉಳಿದರೆ ಕೊನೆಯದಾದ ಅಕ್ಷಯ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆ ಶಕ 1039, ಹೇವಿಳಂಬಿ. 1039ಕ್ಕೆ 12 ಸೇರಿಸಿದರೆ 1051, ಭಾಗಿಸಿದರೆ ಶೇಷ 31. ಮೂವತ್ತೊಂದನೆಯದು ಹೇವಿಳಂಬಿಯೇ. ಇಸವಿ 1117 ಗಟ್ಟಿಯಾಯಿತು. ಶಾಸನ ಹೆಸರಿಸಿದ ಸಂವತ್ಸರದ ಕ್ರಮಸಂಖ್ಯೆಗಿಂತ ಶೇಷ ಒಂದು ಹೆಚ್ಚು ಬಂದರೆ ಶಾಸನ ಗತವರ್ಷವನ್ನಲ್ಲ (ಕಳೆದು ಮುಗಿದ ವರ್ಷಗಳ ಎಣಿಕೆ), ವರ್ತಮಾನ ವರ್ಷವನ್ನು (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ) ಹೇಳುತ್ತಿದೆ ಎಂದು ತಿಳಿದು 77 ಮಾತ್ರ ಕೂಡಿಸುತ್ತೇನೆ. ತೀರ ಹಳೆಯ ಶಾಸನಗಳಿಗೆ ಈ ಸೂತ್ರ ಹಚ್ಚುವುದಿಲ್ಲ. ಗುರುಗ್ರಹದ ಚಲನೆ ಹಿಡಿದು ಎಣಿಸುವ ಪದ್ಧತಿಯಲ್ಲಿ ಆಗಾಗ ಒಂದು ಸಂವತ್ಸರ ಹಾರಿಹೋಗುತ್ತದೆ. ಇಸವಿಯೇ ಇಲ್ಲದ ಶಾಸನಕ್ಕೆ ನಾವಾಗಿ ಇಸವಿ ಅಂಟಿಸಬಾರದು. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ 'ಶ್ರೀ ಚಾವುಂಡರಾಜಂ ಮಾಡಿಸಿದಂ' ಎಂದಿದೆಯೇ ಹೊರತು ವರ್ಷವಿಲ್ಲ. 981, 983 ಎರಡೂ ಪುಸ್ತಕಗಳಲ್ಲಿ ಸಿಗುತ್ತವೆ. 'ಹತ್ತನೆಯ ಶತಮಾನದ ಕೊನೆ' ಎಂದು ಬರೆಯುತ್ತೇನೆ.

ಅಳತೆ ಪರಿವರ್ತನೆಯಲ್ಲಿ ಇಲ್ಲದ ನಿಖರತೆ ನುಸುಳುತ್ತದೆ. 'ಸುಮಾರು ಸಾವಿರ ಅಡಿ'ಯನ್ನು 304.8 ಮೀಟರ್ ಮಾಡುವುದು ನಗೆಪಾಟಲು, 300 ಸಾಕು. ಗೊಮ್ಮಟನ 57 ಅಡಿ 17.4 ಮೀಟರ್, ಅದಕ್ಕಿಂತ ಮುಂದಿನ ದಶಾಂಶ ಬೇಡ. ಮುಳ್ಳಯ್ಯನಗಿರಿಗೆ 1,925 ಮತ್ತು 1,930 ಎರಡೂ ಸಿಗುವುದರಿಂದ 'ಸುಮಾರು 1,930 ಮೀ.'. ಚದರ ಮೈಲಿಯನ್ನು 1.6ರಿಂದ ಗುಣಿಸುವವರು ಬಹಳ, ಗುಣಿಸಬೇಕಾದದ್ದು 2.59ರಿಂದ. ಉಷ್ಣಾಂಶದ ಏರಿಕೆಗೆ 32 ಕೂಡಿಸಬಾರದು: 2 ಡಿಗ್ರಿ ಸೆಲ್ಸಿಯಸ್ ಏರಿಕೆ ಎಂದರೆ 3.6 ಫ್ಯಾರನ್‌ಹೀಟ್ ಏರಿಕೆ, 35.6 ಅಲ್ಲ. ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ. ಭೂಮಿಯ ವಯಸ್ಸು 4.54 ಬಿಲಿಯನ್ ವರ್ಷ ಎಂದಿದ್ದರೆ ಕನ್ನಡದಲ್ಲಿ 454 ಕೋಟಿ; ಅದು 45 ಕೋಟಿಯಾಗಿ ಅಚ್ಚಾದರೆ ಓದುಗರಿಗೆ ಅನುಮಾನವೂ ಬರುವುದಿಲ್ಲ.

ಪ್ರಾಣಿ, ಸಸ್ಯದ ಕಾರ್ಡಿನ ಹಿಂಬದಿಯಲ್ಲಿ ವೈಜ್ಞಾನಿಕ ಹೆಸರು ಕಡ್ಡಾಯ. ಮಲೆನಾಡಿನ ಮುರುಗಲು, ಮಂಗಳೂರಿನ ಪುನರ್ಪುಳಿ ಎರಡೂ ಗಾರ್ಸೀನಿಯಾ ಇಂಡಿಕಾ. ಹೆಸರು ನೋಡಿ ಎರಡು ಕಾರ್ಡು ಮಾಡಿಬಿಟ್ಟರೆ ಕೆಟ್ಟಿತು. ಆ ಹೆಸರೂ ಶಾಶ್ವತವಲ್ಲ. ಕಾಳಿಂಗಸರ್ಪ ಒಂದೇ ಪ್ರಭೇದವೆಂದು ಬಹುಕಾಲ ಬರೆದದ್ದಾಯಿತು. 2024ರಲ್ಲಿ ಅದನ್ನು ನಾಲ್ಕಾಗಿ ವಿಂಗಡಿಸಿದರು. ಪಶ್ಚಿಮಘಟ್ಟದ್ದು ಈಗ ಒಫಿಯೊಫೇಗಸ್ ಕಾಳಿಂಗ. ಎಣಿಕೆಗೆ ಯಾವಾಗಲೂ ವರ್ಷ ಅಂಟಿರಬೇಕು, 'ಅಂದಾಜು' ಎಂಬ ಪದವೂ. ಕರ್ನಾಟಕದ ಹುಲಿಗಳು 2018ರಲ್ಲಿ 524, 2022ರಲ್ಲಿ 563. ಇವು ಕ್ಯಾಮೆರಾದಲ್ಲಿ ಸಿಕ್ಕ ಹುಲಿಗಳನ್ನು ಆಧರಿಸಿದ ಅಂದಾಜು, ತಲೆ ಎಣಿಸಿದ್ದಲ್ಲ.

ಎರಡು ಆಕರ ಹೊಂದಿದರೆ ಸಾಕೆಂಬ ಮಾತು ಅರ್ಧ ಸರಿ. ಐದು ಜಾಲತಾಣಗಳು ಒಂದೇ ಮಾತನ್ನು, ಒಂದೇ ಕಾಗುಣಿತ ದೋಷದೊಂದಿಗೆ ಹೇಳುತ್ತಿದ್ದರೆ ಅವು ಐದಲ್ಲ, ಒಂದು. ಹಳೆಯ ಜಿಲ್ಲಾ ಗ್ಯಾಸೆಟಿಯರ್, ಶಾಸನ ಸಂಪುಟ, ಇಲಾಖೆಯ ಮೂಲ ವರದಿ, ಈ ಮೂರರಲ್ಲಿ ಒಂದಾದರೂ ಕೈಗೆ ಸಿಗದ ಸಂಗತಿಯನ್ನು ಎಷ್ಟೇ ಸೊಗಸಾಗಿದ್ದರೂ ಪಕ್ಕಕ್ಕಿಡುತ್ತೇನೆ. ಪಕ್ಕಕ್ಕಿಟ್ಟ ಕಟ್ಟು ದೊಡ್ಡದೇ ಇದೆ.

ಅಚ್ಚಿಗೆ ಹೋದ ಕಾರ್ಡುಗಳಲ್ಲಿ ಬದಲಾಗುವಂಥವಕ್ಕೆ ಕೆಂಪು ಮೂಲೆ. ಜಿಲ್ಲೆಗಳ ಸಂಖ್ಯೆ, ಪ್ರಾಣಿಗಳ ಎಣಿಕೆ, ದಾಖಲೆಗಳು, 'ಈವರೆಗೆ ಸಿಕ್ಕ ಹಳೆಯ' ಎಂಬ ಬಗೆಯವು. ಹಲ್ಮಿಡಿ ಶಾಸನದ ಕಾರ್ಡು ಅಂಥದ್ದು: 1936ರಲ್ಲಿ ಎಂ. ಎಚ್. ಕೃಷ್ಣ ಬೆಳಕಿಗೆ ತಂದರು, ಕಾಲ ಸುಮಾರು ಕ್ರಿ.ಶ. 450. ತಾಳಗುಂದದ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಇಲಾಖೆ 370ಕ್ಕೆ ಒಯ್ದ ಮೇಲೆ 'ಕನ್ನಡದ ಮೊದಲ ಶಾಸನ' ಎಂಬ ಸಾಲನ್ನು ತೆಗೆದಿದ್ದೇನೆ. ಉಳಿದ ಎರಡು ಸಾಲುಗಳನ್ನು ಮುಟ್ಟಬೇಕಾಗಿ ಬಂದಿಲ್ಲ. ಕೆಂಪು ಮೂಲೆಯವನ್ನು ಮರುಬಳಕೆಗೆ ಮುನ್ನ ಮತ್ತೆ ತಾಳೆ ನೋಡಿ, ಹಿಂಬದಿಯಲ್ಲಿ ಹಳೆಯ ತಾರೀಖನ್ನು ಹೊಡೆದು ಹೊಸದನ್ನು ಬರೆಯುತ್ತೇನೆ. ಕರಡು ತಿದ್ದುವಾಗ ಅಂಕಿಗಳನ್ನಷ್ಟೇ ಒಮ್ಮೆ ಬೇರೆಯಾಗಿ, ಗಟ್ಟಿಯಾಗಿ ಓದಿಸಿ ಕೇಳಬೇಕು. 1656 ಮತ್ತು 1565 ಅದಲುಬದಲಾದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಸಿಗುತ್ತದೆ.