ಅಟಲಾಂಟಾಳನ್ನು ಕನ್ನಡದಲ್ಲಿ ಓಡಿಸಿದ್ದು

'ನಮ್ಮ ಪುರಾಣಗಳೇ ಇಷ್ಟಿರುವಾಗ ಗ್ರೀಕರದ್ದು ಯಾಕೆ? ಅದೂ ಹೈಸ್ಕೂಲ್ ಮಕ್ಕಳಿಗೆ?' ನಾಲ್ಕು ವರ್ಷ ಇದೇ ಮಾತು ಕೇಳಿದೆ. ಈಗ ಗ್ರೀಕ್ ಪುರಾಣದ ಓಟಗಾತಿ ಅಟಲಾಂಟಾಳ ಮೇಲಿನ ನನ್ನ ಕಾದಂಬರಿಯ 500 ಪ್ರತಿಗಳು ಹತ್ತು ತಿಂಗಳಲ್ಲಿ ಖಾಲಿಯಾಗಿವೆ. ಹೇಗೆ ಬರೆದೆ ಅಂತ ಇನ್ನು ಧೈರ್ಯವಾಗಿ ಹೇಳಬಹುದು.

ಮೊದಲು ಸೋತಿದ್ದನ್ನು ಹೇಳುತ್ತೇನೆ. ಟ್ರಾಯ್ ಯುದ್ಧದ ಮೇಲೆ ಬರೆದ ಮೊದಲ ಪುಸ್ತಕದಲ್ಲಿ ಗ್ರೀಕ್ ದೇವತೆಗಳ ರಾಜ ಜ್ಯೂಸ್‌ನನ್ನು ಇಂದ್ರ ಮಾಡಿದ್ದೆ, ಸಮುದ್ರದ ದೇವರು ಪೊಸೈಡನ್‌ನನ್ನು ವರುಣ ಮಾಡಿದ್ದೆ. ಮಕ್ಕಳಿಗೆ ಹತ್ತಿರವಾಗಲಿ ಅಂತ. ಜ್ಯೂಸ್‌ನ ಹೆಂಡತಿ ಹೇರಾಳನ್ನು ಮಾತ್ರ ಹಾಗೇ ಬಿಟ್ಟಿದ್ದೆ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: 'ಇಂದ್ರನ ಹೆಂಡತಿ ಶಚಿ ಅಲ್ವಾ ಸರ್? ಈ ಹೇರಾ ಯಾರು?' ನನ್ನ ಹತ್ತಿರ ಉತ್ತರ ಇರಲಿಲ್ಲ. ಬಿ.ಎಂ.ಶ್ರೀ. 1929ರಲ್ಲಿ ಗ್ರೀಕ್ ನಾಟಕಕಾರ ಸೊಫೋಕ್ಲೀಸ್‌ನ ಏಜಾಕ್ಸ್‌ನನ್ನು ಅಶ್ವತ್ಥಾಮ ಮಾಡಿದಾಗ ಇಡೀ ನಾಟಕವನ್ನೇ ಮಹಾಭಾರತದೊಳಗೆ ತಂದರು. ನಾನು ಅರ್ಧ ತಂದು ಅರ್ಧ ಅಲ್ಲೇ ಬಿಟ್ಟಿದ್ದೆ. 300 ಪ್ರತಿಗೆ ಸುಮಾರು 28 ಸಾವಿರ ಸುರಿದಿದ್ದೆ. ಅದರಲ್ಲಿ 190 ಇನ್ನೂ ಮಂಚದ ಕೆಳಗಿವೆ.

ಎರಡನೇ ಸಲ ಒಂದು ಹೆಸರನ್ನೂ ಬದಲಿಸಲಿಲ್ಲ, ಎಷ್ಟೋ ಹೆಸರುಗಳನ್ನು ಬಿಟ್ಟೇಬಿಟ್ಟೆ. ಅಟಲಾಂಟಾಳೂ ಹೋಗಿದ್ದ ಕ್ಯಾಲಿಡಾನ್ ಊರಿನ ಕಾಡುಹಂದಿ ಬೇಟೆಗೆ ಬಂದವರ ಪಟ್ಟಿ ರೋಮನ್ ಕವಿ ಓವಿಡ್‌ನಲ್ಲಿ ಬಹಳ ಉದ್ದ. ನಾನು ನಾಲ್ವರನ್ನು ಉಳಿಸಿಕೊಂಡೆ. ಇಡೀ ಪುಸ್ತಕದಲ್ಲಿ ಹನ್ನೊಂದೇ ಹೆಸರು. ಯಾವ ಹೆಸರು ಯಾವ ಪುಟದಲ್ಲಿ ಬರಬೇಕು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ, ಮುಂದಿನ ಪುಸ್ತಕಕ್ಕೂ ನನಗೆ ಅದೇ ಬೇಕು.

ಅವಳ ಬಾಲ್ಯಕ್ಕೆ ಗ್ರೀಕ್ ಪುರಾಣಗಳ ಸಂಗ್ರಹಕಾರ ಅಪೊಲೊಡೋರಸ್‌ನನ್ನು ನೆಚ್ಚಿಕೊಂಡೆ. ಗಂಡು ಮಗು ಬೇಕು ಅಂತಿದ್ದ ಅಪ್ಪ ಬಿಸಾಡಿದ ಕೂಸು, ಹಾಲು ಕೊಟ್ಟ ಕರಡಿ, ಸಾಕಿದ ಬೇಟೆಗಾರರು. ಓಟದಲ್ಲಿ ತನ್ನನ್ನು ಸೋಲಿಸಿದವನನ್ನೇ ಮದುವೆಯಾಗುತ್ತೇನೆ ಅಂತ ಅವಳು ಓಡುವ ಆ ಓಟಕ್ಕೆ ಓವಿಡ್. ಇಬ್ಬರಲ್ಲೂ ಅಪ್ಪನ ಹೆಸರೇ ಬೇರೆ, ಗೆದ್ದ ಹುಡುಗನ ಹೆಸರೂ ಬೇರೆ. ಸೇರಿಸಬೇಡ ಅಂದರು ಗೆಳೆಯರು. ಸೇರಿಸಿದೆ. ಅಪ್ಪನಿಗೆ ಹೆಸರೇ ಕೊಡಲಿಲ್ಲ, ಕೊನೆತನಕ ಬರೀ 'ಅಪ್ಪ'.

ಓಟದ ಅಧ್ಯಾಯ ಏಳು ಸಲ ಕೆಟ್ಟಿತು. ಓಡುತ್ತಾ ಹುಡುಗ ಎಸೆದ ಮೂರು ಚಿನ್ನದ ಸೇಬಿಗೆ ಆಸೆಪಟ್ಟು ಸೋತಳು ಅಂತ ಬರೆದರೆ ಹುಡುಗಿಯರು ನಂಬಲಿಲ್ಲ. 'ಅಷ್ಟು ಜೋರಾಗಿ ಓಡೋಳು ಹಣ್ಣಿಗೆ ನಿಲ್ತಾಳಾ?' ಅಂತ ಒಬ್ಬಳು ಹಾಳೆಗಳನ್ನು ಅಲ್ಲೇ ಮಡಚಿಟ್ಟಳು. ಕೊನೆಗೆ ಪರಿಚಯದ ಪಿ.ಟಿ. ಮೇಷ್ಟ್ರನ್ನು ಹಿಡಿದು, ಖೋಖೋ ತಂಡದ ಆರು ಹುಡುಗಿಯರನ್ನು 200 ಮೀಟರ್ ಓಡಿಸಿದೆ. ನಡುನಡುವೆ ಮೂಸಂಬಿ ಎಸೆದೆ. ದಾರಿಯಲ್ಲೇ ಬಿದ್ದದ್ದನ್ನು ಬಗ್ಗಿ ಎತ್ತಿಕೊಳ್ಳಲು ಒಂದೂವರೆ ಸೆಕೆಂಡ್ ಸಾಕಾಗುತ್ತಿತ್ತು. ಪಕ್ಕಕ್ಕೆ ಎಸೆದರೆ ನಾಲ್ಕೈದು ಸೆಕೆಂಡ್ ಹೋಗುತ್ತಿತ್ತು. ಸುಮ್ನೆ ನೋಡೋಣ ಅಂತ ಅಂಗಡಿಯಿಂದ ಒಂದು ಕೆ.ಜಿ. ತೂಕದ ಬಟ್ಟು ತಂದು ಕೈಯಲ್ಲಿ ಹಿಡಿಸಿಯೂ ಓಡಿಸಿದೆ. ಕಾಲಿಗಿಂತ ಮೊದಲು ತೋಳಿನ ಬೀಸು ಕೆಟ್ಟಿತು. ಅದು ಹಾಗೇ ಪುಸ್ತಕಕ್ಕೆ ಹೋಯಿತು.

ಆ ಸಂಜೆ ಓವಿಡ್‌ನನ್ನು ಮತ್ತೆ ತೆಗೆದೆ. ಮೂರನೇ ಸೇಬು ಬಯಲಿನ ಪಕ್ಕಕ್ಕೇ ಬೀಳುತ್ತದೆ! ಅವಳು ಹಿಂದೆಮುಂದೆ ನೋಡುತ್ತಾಳೆ. ಪ್ರೇಮದೇವತೆ ವೀನಸ್ ಬಲವಂತದಿಂದ ಎತ್ತಿಸುತ್ತಾಳೆ, ಸಾಲದು ಅಂತ ಹಣ್ಣಿನ ತೂಕವನ್ನೂ ಹೆಚ್ಚಿಸುತ್ತಾಳೆ. ಹತ್ತು ಸಲ ಓದಿದ್ದರೂ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಧ್ಯಾಯ ಎರಡು ರಾತ್ರಿಯಲ್ಲಿ ಮುಗಿಯಿತು. ಅದನ್ನು ಓದಿ ಹೇಳಿದ ದಿನ ಬೆಲ್ ಹೊಡೆದರೂ ಒಬ್ಬರೂ ಏಳಲಿಲ್ಲ.

ದುಡ್ಡಿನ ವಿಷಯ. 176 ಪುಟ, 500 ಪ್ರತಿ, ಖರ್ಚು ಸುಮಾರು 52 ಸಾವಿರ. ಬೆಲೆ 180 ರೂಪಾಯಿ. ಅಂಗಡಿಯವರಿಗೆ ನೂರಕ್ಕೆ 40 ಕೊಡಬೇಕು, ಹಾಗಾಗಿ 300 ಪ್ರತಿಗಳನ್ನು ಶಾಲೆಗಳಿಗೆ ನಾನೇ ಹೊತ್ತುಕೊಂಡು ಹೋಗಿ 160ಕ್ಕೆ ಮಾರಿದೆ. ಕೈಗೆ ಉಳಿದದ್ದು 17 ಸಾವಿರದ ಆಸುಪಾಸು.

ಕೊನೆಯಲ್ಲಿ ಅಟಲಾಂಟಾ, ಅವಳ ಗಂಡ ಇಬ್ಬರೂ ಸಿಂಹಗಳಾಗಿ ಸಿಬಿಲಿ ದೇವಿಯ ರಥ ಎಳೆಯುವುದನ್ನು ತೆಗೆದು ಮದುವೆಗೇ ನಿಲ್ಲಿಸು ಅಂದವರು ಜಾಸ್ತಿ. ನಾನು ಒಪ್ಪಲಿಲ್ಲ. ಮಕ್ಕಳು ಅತಿ ಹೆಚ್ಚು ಜಗಳವಾಡಿದ್ದು ಆ ಪುಟಗಳ ಮೇಲೆ.

ಎರಡನೇ ಮುದ್ರಣ ಈಗ ಪ್ರೆಸ್ಸಿನಲ್ಲಿದೆ. ಅದಕ್ಕೆ ಒಂದು ಪುಟ ಹೊಸದು. ಅಪೊಲೊಡೋರಸ್‌ನಲ್ಲಿ ಅಟಲಾಂಟಾ ಓಟದ ಬಯಲಿನ ನಡುವೆ ಮೂರು ಮೊಳದ ಕಂಬ ನೆಟ್ಟು, ಹುಡುಗರನ್ನು ಅಲ್ಲಿಂದ ಮುಂದೆ ಬಿಟ್ಟು, ತಾನು ಆಯುಧ ಹಿಡಿದು ಹಿಂದೆ ಓಡುತ್ತಾಳೆ. ನನ್ನ ಪುಸ್ತಕದಲ್ಲಿ ಆ ಕಂಬವನ್ನು ಕಾಡಿನಿಂದ ಅವಳೇ ಕಡಿದು ತರುತ್ತಾಳೆ.