ಬೇಲೆಕಾನದಿಂದ ಗೋಕರ್ಣಕ್ಕೆ ಕಡಲಂಚಿನ ನಡಿಗೆ: ತಿಥಿ ನೋಡಿ ಹೊರಡಿ

ಗೋಕರ್ಣದ ಕಡಲತೀರಗಳನ್ನು ಒಂದೇ ದಿನ ನಡೆದು ನೋಡುವವರಲ್ಲಿ ಹೆಚ್ಚಿನವರು ಊರಿನಿಂದ ಹೊರಟು ದಕ್ಷಿಣಕ್ಕೆ ಹೋಗುತ್ತಾರೆ. ನಾನು ಮಾಡುವುದು ಉಲ್ಟಾ. ಬೆಳಿಗ್ಗೆ ಆಟೋ ಹಿಡಿದು ಬೇಲೆಕಾನಕ್ಕೆ ಹೋಗಿ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ದಾಟಿ ಪೇಟೆಗೆ ಬರುತ್ತೇನೆ. ಬೆಳಗಿನ ಬಿಸಿಲನ್ನು ಪೂರ್ವದ ಗುಡ್ಡ ತಡೆಯುತ್ತದೆ. ಕಾಲಲ್ಲಿ ಕಸುವಿರುವಾಗಲೇ ಕಷ್ಟದ ದಾರಿ ಮುಗಿಯುತ್ತದೆ. ದಣಿಯುವ ಹೊತ್ತಿಗೆ ಅಂಗಡಿ, ನೀರು, ರಸ್ತೆ ಹತ್ತಿರ ಬಂದಿರುತ್ತವೆ.

ಆದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಉಬ್ಬರ ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ಕರಾವಳಿಯಲ್ಲಿ ಉಬ್ಬರ ಹೆಚ್ಚುಕಮ್ಮಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಬರುತ್ತದೆ, ಅಂದರೆ ನಾವು ಬಂಡೆಗಳ ನಡುವೆ ಇರುವ ಹೊತ್ತಿಗೇ. ಸಮಯ ದಿನಕ್ಕೆ ಸರಾಸರಿ 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಸಪ್ತಮಿ, ಅಷ್ಟಮಿಯ ಹೊತ್ತಿಗೆ ಅದೇ ವೇಳೆಯಲ್ಲಿ ಇಳಿತ ಸಿಗುತ್ತದೆ, ಆ ದಿನಗಳಲ್ಲಿ ನೀರು ಅಷ್ಟಾಗಿ ಮೇಲೇರುವುದೂ ಇಲ್ಲ. ಪಂಚಾಂಗದಲ್ಲಿ ದಿನ ಆರಿಸಿಕೊಳ್ಳುತ್ತೇನೆ, ಗಂಟೆಯನ್ನು ಕಾರವಾರ ಬಂದರಿನ ಉಬ್ಬರ ಪಟ್ಟಿಯಿಂದ ಖಚಿತ ಮಾಡಿಕೊಳ್ಳುತ್ತೇನೆ. ಇಳಿತಕ್ಕೆ ಎರಡು ಗಂಟೆ ಮೊದಲು ಪ್ಯಾರಡೈಸ್ ಬಿಟ್ಟರೆ ಹಾಫ್ ಮೂನ್‌ವರೆಗಿನ ಬಂಡೆಗಳನ್ನು ಅವಸರವಿಲ್ಲದೆ ದಾಟಬಹುದು. ಉಬ್ಬರದಲ್ಲಿ ಸಿಕ್ಕಿಕೊಂಡರೆ ನೀರಂಚಿನ ದಾರಿ ಬಿಟ್ಟು ಗುಡ್ಡದ ಕಾಲುದಾರಿ ಹಿಡಿಯಬೇಕು, ಹೊತ್ತು ಹೆಚ್ಚು ಬೇಕು.

ಬಂಡೆಯ ಬಣ್ಣವೇ ಎಚ್ಚರಿಕೆ ಹೇಳುತ್ತದೆ. ಒಣಗಿ ಬೂದು ಬಣ್ಣಕ್ಕೆ ತಿರುಗಿದ ಕಲ್ಲಿಗೆ ಅಲೆ ಬಂದು ಬಹಳ ಹೊತ್ತಾಗಿದೆ. ಕಪ್ಪಗೆ ಹೊಳೆಯುವ ಕಲ್ಲಿಗೆ ಈಗಷ್ಟೇ ಬಂದಿದೆ, ಮತ್ತೆ ಬರುತ್ತದೆ. ಹಸಿರು ಪಾಚಿ ಕಂಡರೆ ಯಾವ ಶೂ ಹಾಕಿದ್ದರೂ ಕಾಲಿಡಬೇಡಿ. ದೊಡ್ಡ ಅಲೆಗಳು ಒಂದೊಂದಾಗಿ ಬರುವುದಿಲ್ಲ, ನಾಲ್ಕೈದು ಒಟ್ಟಿಗೆ ಬಂದು ಆಮೇಲೆ ಸುಮ್ಮನಾಗುತ್ತವೆ. ಆ ಬಿಡುವನ್ನು ನಂಬಿ ಫೋಟೊಗೆಂದು ಬಂಡೆಯ ತುದಿಗೆ ಹೋದವರನ್ನೇ ಸಮುದ್ರ ಎಳೆದುಕೊಳ್ಳುವುದು. ಓಂ ಬೀಚಿನಲ್ಲಿ ಎರಡು ಅರ್ಧವೃತ್ತಗಳು ಕೂಡುವ ಕಲ್ಲಿನ ಚಾಚಿನ ಮೇಲೆ ಹೋಗುವ ಮುಂಚೆ ಹತ್ತು ನಿಮಿಷ ನಿಂತು ನೋಡಿ.

ಗುಡ್ಡದ ಮೇಲಿನ ಅಪಾಯ ಬೇರೆ. ಮುರಕಲ್ಲಿನ ಸಣ್ಣ ಹರಳು ಇಳಿಜಾರಿನಲ್ಲಿ ಗೋಲಿಯಂತೆ ಉರುಳುತ್ತದೆ. ಚಪ್ಪಲಿ ಸಾಲದು, ಹಿಡಿತವಿರುವ ಶೂ ಬೇಕು. ಇಳಿಯುವಾಗ ಅಡ್ಡಡ್ಡ ಹೆಜ್ಜೆ ಇಡಿ. ಒಬ್ಬರಿಗೆ ಮೂರು ಲೀಟರ್ ನೀರು, ಒಂದಿಷ್ಟು ಉಪ್ಪು ಸಕ್ಕರೆ. ಓಂ ಮುಟ್ಟುವವರೆಗೆ ಅಂಗಡಿ ಸಿಗುತ್ತದೆಂದು ಲೆಕ್ಕ ಹಾಕಬೇಡಿ.

ಈಜುವ ಮನಸ್ಸಿದ್ದರೆ ಮರಳಿಗೆ ಇಳಿಯುವ ಮುಂಚೆ ಗುಡ್ಡದ ಮೇಲಿನಿಂದಲೇ ನೀರನ್ನು ಗಮನಿಸಿ. ಎರಡೂ ಬದಿ ಬಿಳಿ ನೊರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಾಗಿ ಅಥವಾ ಮರಳು ಕದಡಿದಂತೆ ಕಂಡರೆ, ದಡಕ್ಕೆ ಬಂದ ನೀರು ಅಲ್ಲಿಂದ ವಾಪಸು ಹೋಗುತ್ತಿದೆ. ಅಲೆಯಿಲ್ಲವೆಂದು ಜನ ಅಲ್ಲೇ ಇಳಿಯುತ್ತಾರೆ. ಬಂಡೆಯ ಪಕ್ಕದಲ್ಲಿ ಇಂಥ ಸೆಳೆತ ಹೆಚ್ಚು. ಸಿಕ್ಕಿಬಿದ್ದರೆ ದಡದ ಕಡೆಗೆ ಹೆಣಗಾಡಬೇಡಿ, ತೇಲುತ್ತ ದಡಕ್ಕೆ ಸಮಾನಾಂತರವಾಗಿ ಈಜಿ, ಅಲೆ ಒಡೆಯುವ ಜಾಗ ಸಿಕ್ಕಮೇಲೆ ಒಳಗೆ ಬನ್ನಿ. ಈಜು ಬಾರದವರಿಗೆ ಮೊಣಕಾಲುದ್ದ ನೀರು ಸಾಕು.

ಚೀಲ ಇಡುವುದು ಒಣ ಕಸ, ಚಿಪ್ಪುಗಳ ಗೆರೆಯ ಮೇಲೆ. ಹಿಂದಿನ ಉಬ್ಬರ ಬಂದು ನಿಂತ ಜಾಗ ಅದು. ಇನ್ನೂ ಮೇಲೆ ಹಬ್ಬಿದ ಅಡುಂಬು ಬಳ್ಳಿಯನ್ನು ತುಳಿಯಬೇಡಿ, ಮರಳನ್ನು ಹಿಡಿದಿಟ್ಟಿರುವುದು ಅದರ ಬೇರು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯೇ ಬೇಡ. ಉಳಿದ ಕಾಲದಲ್ಲಿ ಸುಸ್ತಾದವರಿಗೆ ಓಂ ಕಡೆಗೆ ದೋಣಿ ಸಿಗುವುದುಂಟು, ಹತ್ತುವ ಮುಂಚೆ ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಿ. ಕತ್ತಲಾಗುವ ಮೊದಲು ಕುಡ್ಲೆಯ ಗುಡ್ಡ ದಾಟಿರಬೇಕು.